ಮೇಡಂ ಅವರ ಎರಡು ವಾಲ್ವು

ಇವರ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಜಗಳೂರಿನಲ್ಲಿ ಇವರ ನಿವೃತ್ತಿಯ ಬೀಳ್ಕೊಡುಗೆ ಮುಗಿದು ಸ್ವಲ್ಪ ದಿನದ ಮೇಲೆ, ನಿಮ್ಮ ಬಗ್ಗೆ ಏನಾದರೂ ಬರೆಯಲೇ ಎಂದು ಫೋನು ಮಾಡಿ ಕೇಳಿದೆ. "ಬರೀರಿ. ಹೆಸರು ಮಾತ್ರ ಹಾಕ್ಬೇಡಿ. ಹೆಸರು ಹಾಕಿದ್ರೆ ಹೊಗಳ್ಬೇಕಾಗ್ತೈತೆ" ಎಂದರು. ಒಪ್ಪಿಕೊಂಡೆ. ಹೊಗಳುವ ಕೆಲಸ ತಪ್ಪಿದ್ದು ನನಗೂ ಒಳ್ಳೆಯದೇ ಆಯಿತು. ವರ್ಷಗಟ್ಟಲೆ ಬೀಳ್ಕೊಡುಗೆಯ ಭಾಷಣ ಕೇಳಿದವನು ನಾನು. ಸದ್ಗುಣಗಳ ಹೆಸರು ಕಿವಿಗೆ ಬಿದ್ದರೆ ಸಾಕು, ಆಕಳಿಕೆ ಬರುತ್ತದೆ. ಹಾಗಾಗಿ ಇಲ್ಲಿ ಅವರು ಬರೀ ಮೇಡಂ.

ನಾವಿಬ್ಬರೂ ಭೌತಶಾಸ್ತ್ರದವರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಊರಲ್ಲಿ ಕಾಲೇಜು ಇಟ್ಟುಕೊಂಡ ಒಂದು ಸಣ್ಣ ಖಾಸಗಿ ಸಂಸ್ಥೆಯಲ್ಲಿ ನಮ್ಮ ನೌಕರಿ. ಆಡಳಿತ ಮಂಡಳಿಯವರು ನಮ್ಮನ್ನು ಚೌಕಾಬಾರದ ಕಾಯಿಗಳ ಹಾಗೆ ಆ ಮನೆಯಿಂದ ಈ ಮನೆಗೆ ನಡೆಸುತ್ತಿದ್ದರು. ಕೊನೆಗೆ ಇಬ್ಬರೂ ನ್ಯಾಮತಿಯಲ್ಲಿ ಬಂದು ಕೂಡಿದೆವು. ವಾಸ ಇಬ್ಬರದೂ ಹೊನ್ನಾಳಿ. ಬೆಳಿಗ್ಗೆ ಒಂದೇ ಬಸ್ಸಿಗೆ ಹೋಗುವುದು, ಸಂಜೆ ಶಿವಮೊಗ್ಗದಿಂದ ಸವಳಂಗದ ಮೇಲೆ ಬರುವ ಬಸ್ಸು ಹಿಡಿದು ವಾಪಸು. ಆ ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಅವರು ಮಡಿಲ ಮೇಲೆ ಒಂದು ಶೂ ಡಬ್ಬದ ಮುಚ್ಚಳ ಇಟ್ಟುಕೊಂಡು, ಅದರಲ್ಲಿ ಸೋಡಾ ಬಾಟಲಿಯ ಬಿರಡೆಗಳನ್ನು ಅತ್ತ ಇತ್ತ ಸರಿಸುತ್ತಿದ್ದರು. ಕಂಡಕ್ಟರು ಮೊದಮೊದಲು ಟಿಕೆಟು ಕೊಡುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದ. ಆಮೇಲೆ ಅವನಿಗೂ ಅಭ್ಯಾಸವಾಯಿತು.

ಅವರು ಯೋಜನೆ ಹಾಕುತ್ತಿದ್ದದ್ದು ಗಿಟಾರಿಗೆ ಒಂದು ವಾಲ್ವ್ ಆಂಪ್ಲಿಫೈಯರ್ ಕಟ್ಟಲು. ಈಗಿನ ಚಿಪ್ಪು, ಟ್ರಾನ್ಸಿಸ್ಟರುಗಳು ಬರುವ ಮುಂಚೆ ರೇಡಿಯೋದಲ್ಲೂ ಮೈಕಿನ ಡಬ್ಬದಲ್ಲೂ ಗಾಜಿನ ಬುರುಡೆಗಳಿರುತ್ತಿದ್ದವಲ್ಲ, ಒಳಗೆ ತಂತಿ ಕಾದು ಕೆಂಪಗೆ ಬೆಳಗುವಂಥವು, ಅವೇ ವಾಲ್ವು. ಆ ಪಾಠ ಪಠ್ಯದಿಂದ ತೆಗೆದುಹಾಕಿದ ವರ್ಷ ಸಂತೋಷಪಟ್ಟ ಮೇಷ್ಟರುಗಳಲ್ಲಿ ನಾನೊಬ್ಬ. ಮೇಡಂಗೆ ಮಾತ್ರ ಮನೆಯ ಹಿರಿಯರೊಬ್ಬರನ್ನು ಪಂಕ್ತಿಯಿಂದ ಎಬ್ಬಿಸಿದಷ್ಟು ಸಿಟ್ಟು ಬಂದಿತ್ತು.

ಸಿಟ್ಟಿಗೆ ಕಾರಣವಿತ್ತು. ಚನ್ನಗಿರಿಯಲ್ಲಿ ಅವರ ತಂದೆಗೆ ಮೈಕ್‌ಸೆಟ್ಟಿನ ಅಂಗಡಿ ಇತ್ತಂತೆ. ಮದುವೆ, ನಾಮಕರಣ, ಗಣಪತಿ, ಚುನಾವಣೆ ಯಾವುದಿದ್ದರೂ ಅವರ ವಾಲ್ವಿನ ಸೆಟ್ಟೇ. ಹೆಣ್ಣುಮಕ್ಕಳಿಬ್ಬರು. ಅಕ್ಕ ಹಾಡುತ್ತಿದ್ದರು, ಇವರು ಹವಾಯಿಯನ್ ಗಿಟಾರು ನುಡಿಸುತ್ತಿದ್ದರು. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ತಂತಿಯ ಮೇಲೆ ಸ್ಟೀಲಿನ ಕಡ್ಡಿ ಜಾರಿಸುವ ಗಿಟಾರು ಅದು. ಬಾಡಿಗೆಗೆ ಹೋಗದೆ ಉಳಿದ ದಿನ ಸೆಟ್ಟು ಮಕ್ಕಳದು. ಗಿಟಾರಿನ ವೈರನ್ನು ಅದಕ್ಕೆ ಸಿಕ್ಕಿಸಿ, ಅಕ್ಕನ ಕೈಗೆ ಮೈಕು ಕೊಟ್ಟು, ಅಂಗಡಿಯ ಹಿಂದಿನ ಕೋಣೆಯಲ್ಲಿ ಸಂಜೆಯೆಲ್ಲ ಹಾಡು. ತಂದೆ ತೀರಿದ ಮೇಲೆ ಆ ಸೆಟ್ಟನ್ನು ಯಾರೋ ಗುಜರಿಗೆ ಹಾಕಿದರು. ಗಿಟಾರು ಉಳಿಯಿತು. ಅಕ್ಕ ಹೊನ್ನಾಳಿಗೆ ಮದುವೆಯಾಗಿ ಬಂದರು, ಇವರು ಮದುವೆಯಾಗಲಿಲ್ಲ. ಅಕ್ಕನ ಗಂಡ ಹೋದ ಮೇಲೆ ಅಕ್ಕನ ಮನೆಗೇ ಬಂದು ನಿಂತರು.

ನಾನು ಕಾಣುವ ಹೊತ್ತಿಗೆ ಅಕ್ಕನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಕಿವಿಯೂ ಮಂದ. ಮಗ ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಜೆಯ ತುತ್ತು ಮಾತ್ರ ತಂಗಿಯ ಕೈಯಿಂದಲೇ ಬೇಕು. ಬೇರೆಯವರು ಚಮಚ ತಂದರೆ ಹಲ್ಲು ಬಿಗಿಹಿಡಿಯುತ್ತಿದ್ದರು. ಊಟ ಆದ ಮೇಲೆ ಮೇಡಂ ಗಿಟಾರು ತೊಡೆಗಿಟ್ಟುಕೊಂಡರೆ ಅಕ್ಕನ ಗಂಟಲಿಂದ ಒಂದು ಎಳೆ ಸ್ವರ ಹೊರಡುತ್ತಿತ್ತಂತೆ. ಮಾತು ಹೋದರೂ ರಾಗ ಹೋಗಿರಲಿಲ್ಲ. ಆದರೆ ಸೆಟ್ಟಿಲ್ಲದ ಆ ಗಿಟಾರಿನ ಸದ್ದು ಎಷ್ಟೆಂದರೆ ಪಕ್ಕದ ಕೋಣೆಯ ಫ್ಯಾನಿನಷ್ಟು. ಅಕ್ಕನ ಕಿವಿಗೆ ಅದು ಅರ್ಧ ತಲುಪಿದರೆ ಹೆಚ್ಚು.

ಅಂಗಡಿಯಲ್ಲಿ ಒಂದು ಸ್ಪೀಕರು ತರಬಾರದೇ ಎಂದು ನಾನೂ ಕೇಳಿದೆ. ಕಾಲೇಜಿನ ಕಪ್ಪು ಸ್ಪೀಕರ್ ಡಬ್ಬವನ್ನು ಒಂದು ಭಾನುವಾರ ಒಯ್ದು ನೋಡಿದ್ದರಂತೆ. ಸದ್ದು ಗಟ್ಟಿಯಾಗೇ ಬಂತು. ಅಕ್ಕ ಸ್ವಲ್ಪ ಹೊತ್ತು ಕೇಳಿ, ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. "ಅಪ್ಪನ ಸೆಟ್ಟಲ್ಲ ಅಂತ ಗೊತ್ತಾತು ಅವಳಿಗೆ" ಎಂದರು ಮೇಡಂ. ಅವತ್ತೇ ಅವರು ಈ ಕೆಲಸಕ್ಕೆ ಕೈ ಹಾಕಿದ್ದು. ಅಕ್ಕ ಇರುವುದರೊಳಗೆ ಅಪ್ಪನ ಸೆಟ್ಟಿನ ಸದ್ದನ್ನು ಒಮ್ಮೆ ಅವರ ಕಿವಿಗೆ ಹಾಕಬೇಕು. ಇಷ್ಟೇ ಬೇಕಾಗಿದ್ದದ್ದು, ಬೇರೇನೂ ಇಲ್ಲ.

ಕೈ ಹಾಕಿದರು ಎಂದೆ, ಕೈ ಹಾಕಲಿಲ್ಲ. ಯೋಜನೆ ಹಾಕಿದರು. ಮೇಡಂ ಜೀವಮಾನದಲ್ಲಿ ಒಂದು ವಸ್ತುವನ್ನೂ ಕಟ್ಟಿದವರಲ್ಲ. "ವಾಲ್ವ್ ಹೆಂಗೆ ಕೆಲಸ ಮಾಡ್ತೈತೆ ಅಂತ ಬೋರ್ಡ್ ಮೇಲೆ ಬರಿಯಾಕೆ ಬರ್ತೈತೆ ನನಗೆ, ಕೆಲಸ ಮಾಡ್ಸಾಕೆ ಬರಲ್ಲ" ಎಂದು ಅವರೇ ಹೇಳುತ್ತಿದ್ದರು. ಬೆಸುಗೆ ಹಾಕುವುದನ್ನು ಮೊಬೈಲಿನಲ್ಲಿ ನೋಡಿ ಕಲಿತು, ಬೆರಳು ಸುಟ್ಟುಕೊಂಡು, ಅರಿಶಿನ ಮೆತ್ತಿದ ಬೆರಳಲ್ಲೇ ಹಾಜರಿ ಕೂಗುತ್ತಿದ್ದರು. ಸಾಲದ್ದಕ್ಕೆ ಸ್ವಭಾವವೇ ಹಾಗೆ: ಕಾಗದದ ಮೇಲೆ ಸರಿಹೋಗದೆ ಒಂದು ಮೊಳೆಯನ್ನೂ ಹೊಡೆಯುವವರಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ನಿಜವೇ ಇರಬಹುದು. ಆದರೆ ಲಕ್ವ ಹೊಡೆದವರು ಮನೆಯಲ್ಲಿರುವಾಗ ನಿಧಾನಕ್ಕೂ ಒಂದು ಮಿತಿ ಬೇಕಲ್ಲ. ಮೇಡಂ, ನೀವು ಕಟ್ಟೋದು ಆಂಪ್ಲಿಫೈಯರೋ ಅಣೆಕಟ್ಟೋ ಎಂದು ರೇಗಿಸಿದೆ. "ಅಣೆಕಟ್ಟು ತಪ್ಪಾದ್ರೆ ಬೇರೆಯೋರು ಸಾಯ್ತಾರೆ. ಇದು ತಪ್ಪಾದ್ರೆ ನಾನೇ" ಎಂದು ಬಿರಡೆ ಸರಿಸಿದರು. ಸುಳ್ಳಲ್ಲ. ಆ ಡಬ್ಬದಲ್ಲಿ ಮನೆ ಕರೆಂಟಿಗಿಂತ ಜೋರಾದ ಕರೆಂಟು ಹರಿಯುತ್ತದೆ, ಪ್ಲಗ್ಗು ಕಿತ್ತ ಮೇಲೂ ಒಳಗೆ ಉಳಿದಿರುತ್ತದೆ. ಅದಕ್ಕೆ ಅವರು ಎಡಗೈಯನ್ನು ಬೆನ್ನ ಹಿಂದೆ ಸೆರಗಿನೊಳಗೆ ಸಿಕ್ಕಿಸಿಕೊಂಡು ಬಲಗೈಯೊಂದರಲ್ಲೇ ಕೆಲಸ ಮಾಡುವುದನ್ನು ಅಭ್ಯಾಸ ಮಾಡಿದರು. ಎರಡು ಕೈಗೂ ತಾಗಿದರೆ ಕರೆಂಟು ಎದೆಯ ಮೂಲಕ ದಾಟುತ್ತದಂತೆ. ಅಭ್ಯಾಸ ಎಷ್ಟು ಬಲಿಯಿತೆಂದರೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗಲೂ ಎಡಗೈ ಹಿಂದೆಯೇ. ಗೊತ್ತಿಲ್ಲದವರು, ಈಯಮ್ಮನಿಗೆ ಎಷ್ಟು ಗತ್ತು ನೋಡು ಎಂದುಕೊಳ್ಳುತ್ತಿದ್ದರು.

ಬಿರಡೆಗಳ ವಿಷಯ ಹೇಳಬೇಕು. ಒಂದೊಂದು ಬಿರಡೆ ಒಂದೊಂದು ಭಾಗ. ಎರಡು ಟ್ರಾನ್ಸ್‌ಫಾರ್ಮರುಗಳಿಗೆ ಎರಡು ಬೆಂಕಿಪೊಟ್ಟಣ. ಅವೆರಡನ್ನೂ ಹತ್ತಿರ ಇಟ್ಟರೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ. ಇದನ್ನು ನನಗೆ ಅವರು ವಿವರಿಸಿದ್ದು, ವಾರಗಿತ್ತಿಯರನ್ನು ಮದುವೆಯಲ್ಲಿ ಕೂರಿಸಿದ ಹಾಗೆ ಎಂದು: ಇಬ್ಬರನ್ನೂ ಕರೆಯಲೇಬೇಕು, ಮುಖ ಮಾತ್ರ ಒಂದೇ ಕಡೆಗೆ ಇರಬಾರದು. ಹಾಗೆ ಕೂರಿಸಿ ಎಬ್ಬಿಸಿ, ಕೊನೆಗೆ ನ್ಯಾಮತಿಯ ಬೇಕರಿಯೊಂದರಿಂದ ಬನ್ನು ಸುಡುವ ಹಳೇ ಅಲ್ಯೂಮಿನಿಯಂ ಟ್ರೇ ತಂದು, ಬೋರಲು ಹಾಕಿ, ಅಳತೆ ಹಿಡಿದು ತೂತು ಕೊರೆಸಿದರು. ಎಲ್ಲ ಕೊರೆಸಿದ ಮೇಲೆ ಗೊತ್ತಾಯಿತು, ನಕ್ಷೆ ಕೆಳಗಿನಿಂದ ನೋಡಿ ಬರೆದದ್ದು. ಇವರು ಮೇಲಿನಿಂದ ಕೊರೆಸಿದ್ದರು. ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಅಷ್ಟು ದಿನದ ಬಿರಡೆಯಾಟ ನೀರಲ್ಲಿ ಹೋಮ ಮಾಡಿದಂತಾಯಿತು. ಮರುದಿನ ಇನ್ನೊಂದು ಟ್ರೇ ಕೇಳಲು ಬೇಕರಿಗೆ ಹೋದರು. ತೂತು ಬಿದ್ದ ಟ್ರೇಯನ್ನು ಅಕ್ಕನ ಸೊಸೆ ತೊಳೆದ ಸೊಪ್ಪು ಸೋರಹಾಕಲು ಇಟ್ಟುಕೊಂಡಳು.

ಟ್ರಾನ್ಸ್‌ಫಾರ್ಮರ್ ಸುತ್ತಿಸಿದ್ದು ಹೊನ್ನಾಳಿಯಲ್ಲಿ, ಪಂಪ್‌ಸೆಟ್ ಮೋಟಾರು ಸುಟ್ಟರೆ ಸುತ್ತಿಕೊಡುವ ವೈಂಡಿಂಗ್ ಅಂಗಡಿಯಲ್ಲಿ. ನಮ್ಮ ಕಡೆ ತಾಮ್ರದ ತಂತಿ ಸುತ್ತುವವರು ಬೇರೆ ಯಾರಿದ್ದಾರೆ? ಆತ ಮೊದಲು ಕೇಳಿದ ಪ್ರಶ್ನೆ, ಎಷ್ಟು ಎಚ್‌ಪಿ ಮೇಡಂ ಎಂದು. ಇದು ನೀರೆತ್ತೋದಲ್ಲ, ಹಾಡು ಎತ್ತೋದು ಎಂದು ಹೇಳಿ, ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ಸುತ್ತಿಸಿದರು. ಕೊನೆಗೆ ಆತ ತನ್ನ ಅಭಿಮಾನಕ್ಕೆ ಬೋರ್‌ವೆಲ್ ಮೋಟಾರಿಗೆ ಬಳಿಯುವ ವಾರ್ನಿಷನ್ನೇ ದಪ್ಪಗೆ ಬಳಿದು, ನೀರಲ್ಲಿ ಮುಳುಗಿಸಿದರೂ ಏನೂ ಆಗಲ್ಲ ಎಂದು ಭರವಸೆ ಕೊಟ್ಟನಂತೆ. ಮೇಡಂ ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. ಇದನ್ನು ಹೇಳುವಾಗ ನಕ್ಕರು.

ಇನ್ನು ವಾಲ್ವು. ಹೊನ್ನಾಳಿಯ ಗುಜರಿಯಲ್ಲಿ ಒಂದು ಮುದಿ ರೇಡಿಯೋ ಸಿಕ್ಕಿತ್ತು. ಅದರಲ್ಲಿದ್ದ ಎರಡು ವಾಲ್ವು ತಮ್ಮ ಯೋಜನೆಗೆ ಒಪ್ಪುತ್ತವೆಂದು ಜೋಪಾನವಾಗಿ ಕಿತ್ತು ಹತ್ತಿಯಲ್ಲಿ ಸುತ್ತಿಟ್ಟಿದ್ದರು. ಪರೀಕ್ಷೆ ಮಾಡಿಸಿದರೆ ಎರಡೂ ಸತ್ತಿದ್ದವು. ಆ ಸಂಜೆ ಬಸ್ಸಿನಲ್ಲೇ ಬೆಂಗಳೂರಿನ ಒಬ್ಬ ವ್ಯಾಪಾರಿಗೆ ಫೋನು ಮಾಡಿದರು. ಡೀಸೆಲ್ ಸದ್ದಿನ ಮೇಲೆ ಕೇಳಬೇಕಲ್ಲ, ಧ್ವನಿ ಎತ್ತರಿಸಿಯೇ ಮಾತಾಡಿದರು. "ಎರಡೂ ವಾಲ್ವು ಹೋಗಿಬಿಟ್ಟಾವೆ ರೀ. ಹಳೇವು, ಇನ್ನೆಷ್ಟು ದಿನ ಬಾಳ್ತಾವೆ? ಬದಲಾಯಿಸ್ಲೇಬೇಕು. ರಷ್ಯಾದ್ದು ಇದ್ರೆ ನೋಡ್ರಿ. ತಡ ಮಾಡಾಕೆ ಆಗಲ್ಲ, ನಮ್ಮಕ್ಕ ಇರೋದ್ರೊಳಗೆ ಆಗ್ಬೇಕು."

ಹಿಂದಿನ ಸೀಟಿನಲ್ಲಿ ಸವಳಂಗದಿಂದ ಹತ್ತಿದ್ದ ಒಬ್ಬ ಹೆಂಗಸು ಕೂತಿದ್ದಳು. ಮುಂದಕ್ಕೆ ಬಾಗಿ ಮೇಡಂ ಭುಜ ಮುಟ್ಟಿ, "ಹೆದ್ರಬ್ಯಾಡ ಕಣಮ್ಮ. ನಮ್ಮ ಭಾವನಿಗೂ ವಾಲ್ವು ಹಾಕ್ಯಾರೆ. ಹಂದೀದಂತೆ. ಈಗ ಮೆಕ್ಕೆಜೋಳದ ಮೂಟೆ ಹೊರ್ತಾನೆ" ಎಂದಳು.

ಮೇಡಂ ಮನಸ್ಸೆಲ್ಲ ಲೆಕ್ಕದಲ್ಲಿತ್ತು. ತಿರುಗಿಯೂ ನೋಡದೆ, "ನಂದು ಗಾಜಿಂದು ಕಣಮ್ಮ" ಎಂದರು.

ಗಾಜಿನ ವಾಲ್ವು ಎದೆಯಲ್ಲಿಟ್ಟುಕೊಂಡು ಗುಂಡಿ ಬಿದ್ದ ರಸ್ತೆಯಲ್ಲಿ ದಿನಾ ಓಡಾಡುವ ಹೆಂಗಸನ್ನು ಬಸ್ಸಿನ ಆ ಭಾಗದವರೆಲ್ಲ ಕನಿಕರದಿಂದ ನೋಡಿದರು. ನಾನು ಕಿಟಕಿಯ ಕಡೆ ಮುಖ ಮಾಡಿ ನಗು ನುಂಗಿಕೊಂಡೆ. ಆದರೆ ಎರಡು ಸೀಟು ಹಿಂದೆ ನಮ್ಮ ಕಾಲೇಜಿನ ಹೆಡ್ ಗುಮಾಸ್ತರು ಕೂತಿದ್ದರು. ಒಳ್ಳೆಯ ಮನುಷ್ಯ. ಅವರ ತಾಯಿ ಎದೆನೋವಿನಿಂದಲೇ ಹೋದವರು. ಅವರು ನಗಲಿಲ್ಲ.

ಅದೇ ದಿನಗಳಲ್ಲಿ ಸಂಸ್ಥೆಯಲ್ಲಿ ಒಂದು ತೀರ್ಮಾನ ಆಗುವುದಿತ್ತು. ನ್ಯಾಮತಿಯಲ್ಲಿ ವಿಜ್ಞಾನಕ್ಕೆ ಸೇರುವ ಮಕ್ಕಳು ಕಡಿಮೆಯಾಗಿದ್ದರು, ನಮ್ಮಿಬ್ಬರಲ್ಲಿ ಒಬ್ಬರು ಸಾಕು. ಜಗಳೂರಿನಲ್ಲಿ ಭೌತಶಾಸ್ತ್ರಕ್ಕೆ ಯಾರೂ ಇರಲಿಲ್ಲ. ಸರದಿಯ ಪ್ರಕಾರ ಹೋಗಬೇಕಾದವರು ಮೇಡಂ. ಹೋದರೆ ಅಲ್ಲೇ ರೂಮು ಮಾಡಬೇಕು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೊನ್ನಾಳಿಗೆ ಬರಲು ಭಾನುವಾರ ಮಾತ್ರ ಸಾಧ್ಯ. ಅಕ್ಕನ ಸಂಜೆಯ ತುತ್ತು, ಅರ್ಧಕ್ಕೆ ಬಂದ ಸೆಟ್ಟು ಎರಡೂ ಅಲ್ಲಿಗೆ ನಿಂತಂತೆಯೇ. ಅವರು ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಸಂಸ್ಥೆಯ ಕಾರ್ಯದರ್ಶಿಗಳ ಮನೆಯಿಂದ ಸುದ್ದಿ ಬಂತು: ಮೇಡಂ ನ್ಯಾಮತಿಯಲ್ಲೇ ಇರಲಿ, ಜಗಳೂರಿಗೆ ನಾನು ಹೋಗತಕ್ಕದ್ದು.

ಹೆಡ್ ಗುಮಾಸ್ತರು ನನ್ನ ಕೈ ಹಿಡಿದು, ತಪ್ಪು ತಿಳೀಬೇಡಿ ಸಾರ್, ಹೆಣ್ಣುಮಗಳು, ಎರಡೂ ವಾಲ್ವು ಹೋಗಿವೆ, ನಾನೇ ಕಾರ್ಯದರ್ಶಿಗಳಿಗೆ ಹೇಳಿದೆ ಎಂದರು. ಆಮೇಲೆ ದನಿ ತಗ್ಗಿಸಿ, ಪಾಪ ಸಸ್ಯಾಹಾರಿ, ಅದಕ್ಕೇ ಹಂದೀದು ಬೇಡ ಅಂತ ಗಾಜಿಂದು ಕೇಳ್ತಿರಬೇಕು ಎಂದು ಸೇರಿಸಿದರು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ನನ್ನ ಬೆನ್ನುಮೂಳೆಯ ಎರಡು ಬಿಲ್ಲೆ ಸವೆದು, ಹೊನ್ನಾಳಿಯಿಂದ ನ್ಯಾಮತಿಗೆ ಹೋಗಿಬರುವುದೇ ತಪಸ್ಸಾಗಿದ್ದ ಕಾಲ ಅದು. ಹೆಂಡತಿಯ ಹೊಲಿಗೆ ಅಂಗಡಿ ಹೊನ್ನಾಳಿಯಲ್ಲಿ. ಜಗಳೂರಿನಲ್ಲಿ ಒಬ್ಬನೇ ರೂಮು ಮಾಡಿ, ಅನ್ನ ಬೇಯಿಸಿಕೊಂಡು, ಆ ಬೆನ್ನು ಹೊತ್ತು ಎರಡೆರಡು ಬಸ್ಸು ಹತ್ತಿಳಿಯುವುದನ್ನು ನೆನೆದರೆ ಸುಸ್ತಾಗುತ್ತಿತ್ತು. ಆ ಸುಸ್ತು ಈಗ ಬರೆಯುವಾಗಲೂ ಮೈಯಲ್ಲಿ ಇದೆ.

ಸಂಜೆ ಬಸ್ಸಿನಲ್ಲಿ ಎಲ್ಲವನ್ನೂ ಮೇಡಂಗೆ ಹೇಳಿದೆ. ಹಂದಿ, ಗಾಜು ಎಲ್ಲ ಸೇರಿಸಿ ತಮಾಷೆಯಾಗಿಯೇ ಹೇಳಿದೆ. ಅವರು ನಗಲಿಲ್ಲ. ಶೂ ಡಬ್ಬದ ಮುಚ್ಚಳ ಮಡಿಲಲ್ಲಿತ್ತು, ಬಿರಡೆ ಮುಟ್ಟಲಿಲ್ಲ. ಹೋಗಲಿ ಬಿಡಿ, ನಾನೇ ಜಗಳೂರಿಗೆ ಹೋಗ್ತೀನಿ ಎಂದೆ. ಮಾತು ಹೊರಟಿತು, ದನಿ ಅದರ ಜೊತೆ ಹೋಗಲಿಲ್ಲ. ಇಳಿಯುವ ಹೊತ್ತಿಗೆ ಅವರು ಕೇಳಿದ್ದು ಒಂದೇ: "ಕಾರ್ಯದರ್ಶಿಗಳು ಯಾವಾಗ ಬರ್ತಾರೆ ಕಾಲೇಜಿಗೆ?"

ಬಂದರು. ಬರುವಾಗ ಸೇಬು, ದಾಳಿಂಬೆ ತುಂಬಿದ ಚೀಲ ತಂದಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಎದ್ದು ನಿಂತೆವು. ಆಪರೇಷನ್ನಿಗೆ ಸಂಸ್ಥೆಯಿಂದ ಏನು ಸಹಾಯ ಬೇಕೋ ಕೇಳಿ, ಸಂಕೋಚ ಬೇಡ, ಎಂದು ಆ ಹಿರಿಯರು ಕಣ್ಣಲ್ಲಿ ನೀರು ತುಂಬಿಕೊಂಡೇ ಹೇಳಿದರು. ಅವತ್ತು ಮೇಡಂ ಏನೂ ಹೇಳಬೇಕಾಗಿರಲಿಲ್ಲ. ಸುಳ್ಳು ಹೇಳುವ ಶ್ರಮ ಕೂಡ ಇರಲಿಲ್ಲ. ಆ ಕೆಲಸ ಬೇರೆಯವರು ಆಗಲೇ ಮುಗಿಸಿದ್ದರು. ತಲೆ ತಗ್ಗಿಸಿ ಹಣ್ಣಿನ ಚೀಲ ತೆಗೆದುಕೊಂಡಿದ್ದರೆ ಸಾಕಿತ್ತು.

"ಸಾರ್, ನನ್ನ ಗುಂಡಿಗೆ ಚೆನ್ನಾಗೈತೆ. ಹೋಗಿರೋದು ರೇಡಿಯೋ ವಾಲ್ವು" ಎಂದರು.

ಕಾರ್ಯದರ್ಶಿಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರ ಮುಖ ಸಣ್ಣದಾಯಿತು. ಕನಿಕರ ಪಟ್ಟು ಮೋಸಹೋದವರಿಗೆ ಬರುವಂಥ ಸಿಟ್ಟು ಬೇರೆ ಯಾರಿಗೂ ಬರುವುದಿಲ್ಲ, ಅದೂ ನಾಲ್ಕು ಜನರ ಎದುರು. ಮನೆಯಲ್ಲಿ ಲಕ್ವ ಹೊಡೆದ ಅಕ್ಕ ಇದ್ದಾರೆ, ಆ ಕಾರಣಕ್ಕಾದರೂ ಇಲ್ಲೇ ಬಿಡಿ ಎಂದು ನಾನು ನಡುವೆ ಬಾಯಿ ಹಾಕಿದೆ. ಎಲ್ಲರ ಮನೆಯಲ್ಲೂ ಒಬ್ಬೊಬ್ಬರು ಇದ್ದಾರೆ ಎಂದು ಕಡ್ಡಿ ಮುರಿದಂತೆ ಹೇಳಿ ಹೊರಟುಹೋದರು. ಹಣ್ಣಿನ ಚೀಲ ಮೇಜಿನ ಮೇಲೇ ಉಳಿಯಿತು, ತಿನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಆ ವಾರವೇ ಮೇಡಂಗೆ ಜಗಳೂರಿನ ಆದೇಶ ಬಂತು.

ಅವರು ನನಗೋಸ್ಕರ ಬಾಯಿಬಿಟ್ಟರು ಎಂದು ನಮ್ಮ ಸ್ಟಾಫಿನವರು ಮಾತಾಡಿಕೊಂಡರು. ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ. "ನಿಮಗೋಸ್ಕರ ಅಲ್ಲ ರೀ" ಎಂದರು. "ಇಲ್ಲದ ಕಾಯಿಲೆ ಇಟ್ಕೊಂಡು ಬದುಕೋದು ಹೆಂಗೆ? ಮೆಟ್ಟಿಲು ಹತ್ತುವಾಗೆಲ್ಲ ನೆನಪಿಟ್ಟು ಏದುಸಿರು ಬಿಡ್ಬೇಕಾಗಿತ್ತು." ನನಗೆ ಸ್ವಲ್ಪ ನಿರಾಶೆಯಾಯಿತು, ಸ್ವಲ್ಪ ಹಗುರವೂ ಆಯಿತು.

ಜಗಳೂರಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ರೂಮು ಹಿಡಿದರು. ಅಕ್ಕನ ಮಗನೇ ಸಾಮಾನು ಸಾಗಿಸಿದ. ಸೆಟ್ಟಿನ ಸಾಮಾನೂ ಹೋಯಿತು, ರಷ್ಯಾದ ವಾಲ್ವೂ ಬಂದವು. ಆದರೆ ಕೆಲಸ ಮೊದಲಿನಿಂದ ಶುರುವಾಗಬೇಕಾಯಿತು. ಸುತ್ತಮುತ್ತ ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ಅವರ ರೂಮಿನಲ್ಲಿ ವೋಲ್ಟೇಜು ಇಳಿದು ಬಲ್ಬು ಹಳದಿಯಾಗುತ್ತಿತ್ತು. ಹೊನ್ನಾಳಿಯ ಕರೆಂಟಿಗೆ ಹಾಕಿದ ಲೆಕ್ಕ ಜಗಳೂರಿನ ಕರೆಂಟಿಗೆ ಹೊಂದಲಿಲ್ಲ. ಸಂತೆಯಲ್ಲಿ ಕುರಿ ಮಾರಲು ಬಂದವರ ಗದ್ದಲದ ನಡುವೆ ಅವರು ಫೋನಿನಲ್ಲಿ ನನಗೆ ವೋಲ್ಟೇಜಿನ ವರದಿ ಒಪ್ಪಿಸುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಭಾನುವಾರ ಹೊನ್ನಾಳಿಗೆ ಬಂದರೆ ಅಕ್ಕನ ಜೊತೆ ಒಂದು ಊಟ, ಮತ್ತೆ ಬಸ್ಸು. ಅಕ್ಕ ಸೊಸೆಯ ಕೈಯಿಂದ ತಿನ್ನಲು ಕೊನೆಗೂ ಒಪ್ಪಿದ್ದರು. ಅದನ್ನು ಕೇಳಿ ಮೇಡಂಗೆ ಸಮಾಧಾನವಾಗಬೇಕಿತ್ತು. ಮುಖ ನೋಡಿದರೆ ಹಾಗೆ ಕಾಣಲಿಲ್ಲ.

ಅಕ್ಕ ಹೋದದ್ದು ಒಂದು ಬುಧವಾರ ಬೆಳಿಗ್ಗೆ. ಸುದ್ದಿ ತಿಳಿದು ನಾನು ಕಾಲೇಜಿಗೆ ರಜೆ ಹಾಕಿ ಅವರ ಮನೆಗೆ ಹೋದೆ. ಮೇಡಂ ಪಾಠ ಅರ್ಧಕ್ಕೆ ಬಿಟ್ಟು ಹೊರಟವರು, ದಾವಣಗೆರೆಯಲ್ಲಿ ಬಸ್ಸು ತಪ್ಪಿ, ಬಿಸಿಲು ಏರಿದ ಮೇಲೆ ಬಂದು ಮುಟ್ಟಿದರು. ಬೆರಳುಗಳಲ್ಲಿ ಇನ್ನೂ ಸೀಮೆಸುಣ್ಣ ಇತ್ತು. ಅಳಲಿಲ್ಲ. ಅಕ್ಕನ ತಲೆಯ ಹತ್ತಿರ ಕೂತು, ರಾತ್ರಿ ಏನು ತಿಂದಳು ಎಂದು ಸೊಸೆಯನ್ನು ಕೇಳಿದರು. ಗಂಜಿ ಎಂದಳು. ಎಷ್ಟು ಎಂದು ಕೇಳಿದರು. ಆ ಹುಡುಗಿ ಬೊಗಸೆ ಮಾಡಿ ತೋರಿಸಿದಳು. ಅಷ್ಟು ಹೊತ್ತಿಗೆ ಸೆಟ್ಟು ಜಗಳೂರಿನ ರೂಮಿನಲ್ಲಿ, ತಂತಿಗಳು ಅರ್ಧ ಕೂಡಿ ಅರ್ಧ ನೇತಾಡುತ್ತ, ಬೋರಲು ಬಿದ್ದಿತ್ತು.

ಅದಾದ ಮೇಲೆ ಅವರು ಅದನ್ನು ಕೈಬಿಟ್ಟಿರಬೇಕು ಎಂದುಕೊಂಡೆ. ನಾನಾಗಿ ಕೇಳಲಿಲ್ಲ, ಅವರಾಗಿ ಹೇಳಲಿಲ್ಲ. ವರ್ಷಗಳು ಕಳೆದವು. ನನಗೆ ನ್ಯಾಮತಿ ಖಾಯಂ ಆಯಿತು, ಬೆನ್ನಿಗೆ ಪಟ್ಟಿ ಖಾಯಂ ಆಯಿತು. ಈ ವರ್ಷ ಅವರ ನಿವೃತ್ತಿಗೆ ಕರೆ ಬಂದಾಗ, ಆ ಪಟ್ಟಿಯನ್ನೇ ಬಿಗಿದುಕೊಂಡು ಜಗಳೂರಿಗೆ ಹೋದೆ. ವೇದಿಕೆಯ ಮೇಲೆ ಒಬ್ಬೊಬ್ಬರಾಗಿ ಎದ್ದು ಅವರ ಸತ್ಯನಿಷ್ಠೆಯನ್ನು ಕೊಂಡಾಡಿದರು. ವಾಲ್ವಿನ ಕಥೆ ಅಲ್ಲಿಗೂ ತಲುಪಿತ್ತು, ನಮ್ಮ ಹರಿಶ್ಚಂದ್ರ ಮೇಡಂ ಎಂದು ಪ್ರಾಂಶುಪಾಲರು ಬಿರುದು ಕೊಟ್ಟರು. ನನ್ನನ್ನೂ ಎರಡು ಮಾತಾಡಿ ಎಂದರು. ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಂಡೆ. ಇವರು ಹಾರ ಹಾಕಿಸಿಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು.

ಸಮಾರಂಭ ಮುಗಿಸಿ ಮಧ್ಯಾಹ್ನ ಅವರ ರೂಮಿಗೆ ಹೋದೆವು. ಸಾಮಾನು ಕಟ್ಟಿಯಾಗಿತ್ತು. ಕಿಟಕಿಯ ಕಟ್ಟೆಯ ಮೇಲೆ ಒಂದು ಮಾತ್ರ ಕಟ್ಟದೆ ಉಳಿದಿತ್ತು. ಬೋರಲು ಹಾಕಿದ ಬೇಕರಿಯ ಟ್ರೇ, ಮೇಲೆ ಸಾಲಾಗಿ ಗಾಜಿನ ವಾಲ್ವುಗಳು, ಎರಡು ಕಪ್ಪು ಟ್ರಾನ್ಸ್‌ಫಾರ್ಮರುಗಳು ಒಂದಕ್ಕೊಂದು ಮುಖ ತಿರುಗಿಸಿ ಕೂತಿದ್ದವು. ಮುಗಿಸಿದ್ದರು. ಯಾವಾಗ ಎಂದು ನಾನು ಕೇಳುವ ಮೊದಲೇ ಸ್ವಿಚ್ಚು ಹಾಕಿ, ಕಾಯಬೇಕು, ಬಿಸಿಯಾಗಬೇಕು ಎಂದರು. ವಾಲ್ವುಗಳು ನಿಧಾನವಾಗಿ ಕೆಂಪಾದವು. ನೆಲದ ಮೇಲೆ ಕೂತು ಗಿಟಾರನ್ನು ತೊಡೆಗಿಟ್ಟುಕೊಂಡು ಒಂದು ಹಾಡಿನ ಪಲ್ಲವಿಯನ್ನಷ್ಟೇ ನುಡಿಸಿದರು. ನನಗೆ ಸಂಗೀತ ತಿಳಿಯದು. ಸದ್ದು ದಪ್ಪಗಿತ್ತು, ಅಂಚಿನಲ್ಲಿ ಸ್ವಲ್ಪ ಒಡೆಯುತ್ತಿತ್ತು, ಆ ಸಣ್ಣ ರೂಮು ತುಂಬಿಹೋಯಿತು.

"ಅಪ್ಪನ ಸೆಟ್ಟೇ ಇದು" ಎಂದರು. "ಅಕ್ಕ ಕೇಳಿದ್ರೆ ಗುರುತು ಹಿಡೀತಿದ್ಲು."

ನನಗೆ ಕೂರಲಾಗಲಿಲ್ಲ. ಅಷ್ಟು ವರ್ಷ ಹೊನ್ನಾಳಿಯಲ್ಲಿ ಮನೆಯೂಟ ಉಂಡುಕೊಂಡು ಇದ್ದವನು ನಾನು. ಅವರ ಬಾಯಿಂದ ಒಂದು ಮಾತು ಕೇಳಿಕೊಂಡು ಹೋಗಬೇಕೆಂಬ ಆಸೆ ನನಗಿತ್ತು, ಅದಕ್ಕೇ ಅಷ್ಟು ದೂರ ಬಂದಿದ್ದೆ ಎಂದು ಆಗ ಗೊತ್ತಾಯಿತು. ಅವತ್ತು ಕಾರ್ಯದರ್ಶಿಗಳ ಮುಂದೆ ನಿಜ ಹೇಳಿದ್ದಕ್ಕೆ ನಿಮಗೆ ಬೇಜಾರೇನೂ ಇಲ್ಲವಲ್ಲ ಮೇಡಂ ಎಂದು ಕೇಳಿದೆ. ವೇದಿಕೆಯ ಮೇಲೆ ಅಷ್ಟೊಂದು ಜನ ಹೊಗಳಿದ ಮೇಲೆ, ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು.

ಅವರು ಸ್ವಿಚ್ಚು ಆರಿಸಿದರು. ವಾಲ್ವುಗಳ ಕೆಂಪು ಇಳಿಯುವುದನ್ನೇ ನೋಡುತ್ತ ಕೂತಿದ್ದರು.

"ಐತೆ ರೀ" ಎಂದರು. "ದಿನಾ ಐತೆ. ಇಲ್ಲ ಅಂದ್ರೆ ನಿಮಗೆ ಸಮಾಧಾನ ಆಗ್ತೈತೆ ಅಂತ ಗೊತ್ತು ನನಗೆ."